ಡ್ಯಾನ್ಸ್ ಹಾಡಿನ ಸುವಾರ್ತಮ್ಮ

ವಿಶಾಖಪಟ್ಟಣದ ಚರ್ಚಿನಲ್ಲಿ ಹದಿನೈದು ವರ್ಷ ಕ್ರಿಸ್ತಗೀತೆ ಹಾಡಿದ ಸುವಾರ್ತಮ್ಮ ಈಗ ಆರ್ಕೆಸ್ಟ್ರಾದಲ್ಲಿ ಡಿಸ್ಕೊ ಹಾಡು ಎತ್ತಿಕೊಂಡರೆ ದೂರದ ವಿಜಯವಾಡದವರೆಗಿನ ಮದುವೆಗಳಲ್ಲಿ ಬೀಗರೂ ಊಟ ಬಿಟ್ಟೆದ್ದು ಕುಣಿಯುತ್ತಾರೆ. ಆಕೆ ಮಾತ್ರ ಚಪ್ಪಲಿ ಕಳಚಿ, ಸೆರಗು ಹೊದ್ದು, ಕಂಬದಂತೆ ನಿಂತೇ ಹಾಡುವವಳು. ಮಗು ಕೆಮ್ಮಿದರೂ ಬೆಚ್ಚುವ ಪಕ್ಕದ ಮನೆಯ ಮೃಣಾಲಿನಿಗೆ ಆ ಧೈರ್ಯವೇ ಒಂದು ಸೋಜಿಗ. "ಚರ್ಚೋ ಸ್ಟೇಜೋ, ಒಂದನ್ನು ಆರಿಸಿಕೊಳ್ಳಮ್ಮಾ" ಎಂದ ಚರ್ಚಿನ ಹಿರಿಯರು ಗಾಯನ ತಂಡದಿಂದ ತೆಗೆದರೂ ಸುವಾರ್ತಮ್ಮ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಕ್ರಿಸ್‌ಮಸ್ಸಿಗೆ ಜೊತೆಗೆ ಹೋದ ಮೃಣಾಲಿನಿ ನೋಡುತ್ತಾಳೆ, ಕೊನೆಯ ಸಾಲಿನಲ್ಲಿ ನಿಂತ ಆಕೆಯ ತುಟಿಯಷ್ಟೇ ಆಡುತ್ತಿದೆ, ದನಿಯಿಲ್ಲ. "ಯಾಕಕ್ಕಾ, ಹಿರಿಯರ ಭಯಾನಾ?" ಎಂದಳು ಮೆಲ್ಲಗೆ. "ಭಯ ಏನಿಲ್ಲ ಅಮ್ಮಾಯಿ. ನಾನು ದನಿ ತೆಗೆದರೆ ಎಲ್ಲರೂ ಹಿಂದಕ್ಕೆ ತಿರುಗುತ್ತಾರೆ. ನನ್ನ ಜಾಗದಲ್ಲಿ ಹಾಡುತ್ತಿರೋ ಹುಡುಗಿ ಇನ್ನೂ ಹೊಸಬಳು."