ಬಾಯಮ್ಮನ ಮಾವಿನ ಕೊಂಬೆ

ಬಾಂದ್ರಾದಲ್ಲಿ ನನ್ನ ಬಾಡಿಗೆ ಮನೆಯ ಬಾಲ್ಕನಿಗೆ ಪಕ್ಕದ ಬಂಗಲೆಯ ಮಾವಿನ ಕೊಂಬೆಯೊಂದು ಚಾಚಿಕೊಂಡಿತ್ತು. ಮಧ್ಯಾಹ್ನ ಅದರ ನೆರಳು ಗೋಡೆಯ ಮೇಲೆ ತೇಲುವಾಗ, ಯಾವುದೋ ಹಡಗಿನಲ್ಲಿ ಮಲಗಿ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಅದೇ ಕೊಂಬೆ ಹಿಡಿದು ಕೆಂಪಿರುವೆಗಳು ಹಾಸಿಗೆಗೆ ಇಳಿದ ದಿನ ಆ ಪ್ರಯಾಣ ಮುಗಿಯಿತು. ಆಳು ಕರೆಸಿ, ಕಡಿಯಪ್ಪಾ ಎಂದು ಹೇಳಿ ಒಳಗೆ ಹೋದೆ. ಅವನು ಕಾಂಪೌಂಡ್ ಗೋಡೆ ದಾಟಿ, ಕೊಂಬೆಯನ್ನು ಬುಡಕ್ಕೇ ಕಡಿದುಬಿಟ್ಟ.

ಸಂಜೆ ಬಂಗಲೆಯ ಒಡತಿ, ಮಂಗಳೂರಿನ ಬಾಯಮ್ಮ, ಬಾಗಿಲಲ್ಲಿ ನಿಂತಿದ್ದರು.

“ನಿಮ್ಮ ಕಡೆ ಬಂದಷ್ಟು ಕಡಿದಿದ್ದರೆ ನಾನು ಕೇಳುತ್ತಿರಲಿಲ್ಲ ಮಾರಾಯ್ರೆ. ನನ್ನ ಜಾಗಕ್ಕೆ ಬಂದು ಕಡಿದದ್ದಕ್ಕೆ ಕೇಸು ಹಾಕಬಹುದು. ನನ್ನ ಅಳಿಯ ವಕೀಲ, ಗೊತ್ತುಂಟಲ್ಲ?”

“ಕಡಿದವನು ಆಳು, ಬಾಯಮ್ಮ.”

“ಕಡಿಸಿದವರು ಯಾರು?”

ಪರಿಹಾರವೇನು ಕೊಡಲಿ ಎಂದು ಕೇಳಿದೆ.

“ಕ್ರಿಸ್ಮಸ್ ನಕ್ಷತ್ರ ನಾವು ಕಟ್ಟುವುದು ಆ ಕೊಂಬೆಗೇ. ಹೊಸ ಕೊಂಬೆ ಬರುವವರೆಗೆ ನಿಮ್ಮ ಬಾಲ್ಕನಿಯಲ್ಲಿ ಕಟ್ಟಿ. ದಿನಾ ಸಂಜೆ ದೀಪ ನೀವೇ ಹಾಕಬೇಕು.”

“ಡಿಸೆಂಬರಿನಲ್ಲಿ ನಾನು ಯಾವತ್ತೂ ಊರಲ್ಲಿರುವುದಿಲ್ಲವಲ್ಲ!”

“ಹಾಗಾದರೆ ಕೋರ್ಟಿನಲ್ಲಿ ಸಿಗುವ,” ಎಂದರು, ತೀರಾ ಮೃದುವಾಗಿ.

ಪ್ರತಿ ಡಿಸೆಂಬರಿಗೆ ನಾನು ಹೋಗುವ ದಿಲ್ಲಿಯ ಅಕ್ಕನ ಮನೆಗೆ ಟ್ರಂಕ್‌ಕಾಲ್ ಮಾಡಿ, ಈ ಸಲ ಬರುವುದಿಲ್ಲ ಅಂದೆ. ಆ ಡಿಸೆಂಬರಿನ ಸಂಜೆಗಳಲ್ಲಿ ಕಾಗದದ ನಕ್ಷತ್ರ ಕಡಲ ಗಾಳಿಗೆ ತಿರುಗುತ್ತ ಕೋಣೆಯನ್ನೆಲ್ಲ ಕೆಂಪಾಗಿಸುತ್ತಿತ್ತು. ರಸ್ತೆಯಲ್ಲಿ ಹೋಗುವ ಅಪರಿಚಿತರು ತಲೆಯೆತ್ತಿ ಹಬ್ಬದ ಶುಭಾಶಯ ಹೇಳುತ್ತಿದ್ದರು. ಕುಂಕುಮವಿಟ್ಟ ನಾನು ಕೈಬೀಸಿ ಸ್ವೀಕರಿಸುತ್ತಿದ್ದೆ.

ಮುಂದಿನ ಮಳೆಗಾಲ ಕಳೆದ ಮೇಲೆ ಮರ ಹೊಸ ಕೊಂಬೆ ಬಿಟ್ಟಿತು. “ನಕ್ಷತ್ರದ ಭಾರ ತಾಳೀತಾ?” ಎಂದು ಬಾಯಮ್ಮ ಕೇಳಿದರು. ಇನ್ನೂ ಎಳೆಯದು, ಸಾಲದು ಅಂದೆ. ಪ್ರತಿ ವರ್ಷವೂ ಅವರು ಅದನ್ನೇ ಕೇಳುತ್ತಾರೆ, ನಾನು ಅದನ್ನೇ ಹೇಳುತ್ತೇನೆ. ಆ ಕೊಂಬೆಯ ಮೇಲೆ ಈಗ ಅವರ ಮೊಮ್ಮಕ್ಕಳು ಕೂತು ಮಾವಿನಕಾಯಿ ತಿನ್ನುತ್ತಾರೆ.