ಏಳು ಜನ ಹಾರಿದ್ದರು, ನಾನು ಎಂಟು ಎಣಿಸಿದ್ದೆ

ದೆವ್ವ, ಪೀಡೆ, ಶಕುನ ಎಂದು ಯಾರಾದರೂ ಬಾಯಿಬಿಟ್ಟರೆ ನನಗೆ ಮೈ ಉರಿಯುತ್ತಿತ್ತು. ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಗಣಿತ ಕಲಿಸುತ್ತಿರುವವಳು ನಾನು. ಹುಣಸೆಮರದಲ್ಲಿ ಏನೋ ಕಂಡಿತು ಎಂದು ಜ್ವರ ಬರಿಸಿಕೊಂಡಿದ್ದ ಒಬ್ಬ ಹುಡುಗಿಯನ್ನು ಅದೇ ಮರದ ಬುಡಕ್ಕೆ ಕರೆದುಕೊಂಡು ಹೋಗಿ, "ಎಲ್ಲದೆ, ತೋರ್ಸು" ಎಂದು ಗದರಿಸಿದ್ದೆ. ಅವಳು ಏನನ್ನೂ ತೋರಿಸಲಿಲ್ಲ, ಅತ್ತಳು. ನಾನು ಗೆದ್ದವಳಂತೆ ವಾಪಸು ಬಂದೆ. ಈಗ ಆ ಮಗುವಿನ ಮುಖ ನೆನಪಾದರೆ ನಾಚಿಕೆಯಾಗುತ್ತದೆ. ಮುಂದೆ ಬರೆಯುವುದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ನನ್ನ ತಮ್ಮ ಮಾದೇಶ ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅವ್ವ ಬೇಗ ತೀರಿಕೊಂಡಳು, ಅವನನ್ನು ಸಾಕಿದ್ದು ನಾನೇ. ಕಿರುಗಾವಲಿನ ನಮ್ಮ ಮನೆಯ ಹಿಂದೆ ಹುಲ್ಲಿನ ಮೆದೆಯಿಂದ ಧುಮುಕಿ ಎರಡು ಸಲ ಕೈ ಮುರಿದುಕೊಂಡಿದ್ದ. ಆಮೇಲೆ ಸೈನ್ಯ ಸೇರಿ, ವಿಮಾನದಿಂದ ಧುಮುಕುವ ತುಕಡಿಗೇ ಹೋದ. ಸೈನ್ಯ ಬಿಟ್ಟ ಮೇಲೂ ಆ ಚಟ ಬಿಡಲಿಲ್ಲ. ವಿಂಗ್‌ಸೂಟ್ ಎಂಬ ಉಡುಪು ತೊಟ್ಟು ಹಾರುವುದನ್ನು ಕಲಿತ, ಹೊರದೇಶದಲ್ಲಿ ಅದನ್ನು ಕಲಿಸುವುದೇ ಕಸುಬಾಯಿತು. ಆ ಉಡುಪಿನಲ್ಲಿ ತೋಳಿಗೂ ಪಕ್ಕೆಗೂ ನಡುವೆ, ಎರಡು ಕಾಲುಗಳ ನಡುವೆ ಬಟ್ಟೆ ಹೊಲಿದಿರುತ್ತಾರೆ. ಅದರೊಳಗೆ ಗಾಳಿ ತುಂಬಿಕೊಂಡು ಮನುಷ್ಯ ಬಾವಲಿಯ ಹಾಗೆ ಮುಂದಕ್ಕೆ ತೇಲುತ್ತಾನೆ. ಇಳಿಯಬೇಕಾದರೆ ಮಾತ್ರ ಪ್ಯಾರಾಚೂಟ್ ಬಿಚ್ಚಲೇಬೇಕು. ನಾನು ಫೋನಿನಲ್ಲಿ ಬೈಯುತ್ತಲೇ ಇದ್ದೆ, ಅವನು ನಗುತ್ತಲೇ ಇದ್ದ.

ನಾಲ್ಕು ವರ್ಷದ ಹಿಂದೆ ನಾರ್ವೆಯಲ್ಲಿ ಇಂಥ ಹಾರುವವರದೇ ಒಂದು ಉತ್ಸವ ನಡೆಯಿತು. ನೋಡಲು ಬಾ ಎಂದು ಮಾದೇಶ ಟಿಕೆಟ್ ಕಳಿಸಿದ. ನನಗೆ ಮನಸ್ಸಿರಲಿಲ್ಲ. ಅವನ ಹೆಂಡತಿ ಗೌರಿ ಆಗ ಆರು ತಿಂಗಳ ಬಸುರಿ, ಮಂಡ್ಯದ ತವರಿನಲ್ಲಿದ್ದಳು. "ನೀವು ಅವ್ರ ಕಣ್ಮುಂದೆ ಇದ್ರೆ ನಂಗೆ ಧೈರ್ಯ ಕಣಕ್ಕ, ಓಗ್ಬುಟ್ಟು ಬನ್ನಿ" ಎಂದು ನನ್ನನ್ನು ಹೊರಡಿಸಿದವಳು ಅವಳೇ. ಶಾಲೆಗೆ ರಜೆ ಹಾಕಿ, ಒಂದು ಡಬ್ಬ ಕೋಡುಬಳೆ ಕಟ್ಟಿಕೊಂಡು ಹೋದೆ.

ಸುತ್ತ ಕಡಿದಾದ ಬೆಟ್ಟ, ಕೆಳಗೆ ಹಸಿರು ಬಯಲು, ನಡುವೆ ಹೊಳೆ. ಬಯಲಿನಲ್ಲಿ ಡೇರೆಗಳು, ಒಂದು ಆಂಬುಲೆನ್ಸು. ಹೆಲಿಕಾಪ್ಟರ್ ಏಳೇಳು ಜನರನ್ನು ಮೇಲಕ್ಕೆ ಒಯ್ದು ಬಿಡುತ್ತಿತ್ತು. ಅವರು ಬೆಟ್ಟದ ನೆತ್ತಿ ದಾಟಿ, ಬಂಡೆಗಳ ಪಕ್ಕದಲ್ಲೇ ಹಾದು ಬಂದು ಪ್ಯಾರಾಚೂಟ್ ಬಿಚ್ಚಿ, ಕೆಲವರು ನಮ್ಮ ಬಯಲಿನಲ್ಲಿ, ಕೆಲವರು ಮರಗಳ ಆಚೆ ಹೊಳೆಯ ಇನ್ನೊಂದು ದಡದಲ್ಲಿ ಇಳಿಯುತ್ತಿದ್ದರು. ಆಚೆ ದಡ ನಮಗೆ ಕಾಣುತ್ತಿರಲಿಲ್ಲ. ಅದಕ್ಕೇ ಕೆಳಗೆ ಒಬ್ಬರು ನಿಂತು ಆಕಾಶದಲ್ಲೇ ಎಣಿಸಿ ವಾಕಿಟಾಕಿಯಲ್ಲಿ ಹೇಳಬೇಕು. ಲೆಕ್ಕ ಕಡಿಮೆ ಬಂದರೆ ಆ ಕ್ಷಣವೇ ಹುಡುಕಲು ಓಡುತ್ತಾರೆ. "ನಮ್ಮಕ್ಕ ಲೆಕ್ಕದ ಮೇಷ್ಟ್ರು" ಎಂದು ಮಾದೇಶ ಆ ಕೆಲಸ ನನಗೆ ಕೊಡಿಸಿದ. ಸುಮ್ಮನೆ ಕೂತಿರುವುದಕ್ಕಿಂತ ಮೇಲು ಎಂದು ನಾನೂ ಒಪ್ಪಿದೆ.

ಇಲ್ಲೊಂದು ಮಾತು ಹೇಳಬೇಕು. ಕಣದಲ್ಲಿ ಭತ್ತ ಅಳೆಯುವಾಗ ನಮ್ಮಪ್ಪ ಮೊದಲ ಕೊಳಗಕ್ಕೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದ. ಲಾಭ, ಎರಡು, ಮೂರು. ನಮ್ಮ ಕಡೆ ಹಾಗೆಯೇ. ನನಗೂ ಅದೇ ರೂಢಿ. ಉತ್ತರಪತ್ರಿಕೆ ಎಣಿಸುವಾಗಲೂ ನನ್ನ ಬಾಯಿಗೆ ಮೊದಲು ಬರುವುದು ಲಾಭವೇ.

ಮೊದಲ ದಿನ ಮಧ್ಯಾಹ್ನ ಮಾದೇಶನಿದ್ದ ತಂಡ ಹಾರಿತು. ಬಿಸಿಲು ಚೆನ್ನಾಗಿತ್ತು, ಮೋಡವಿರಲಿಲ್ಲ. ಬೆಟ್ಟದ ನೆತ್ತಿ ದಾಟಿ ಬಂದವರನ್ನು ಎಣಿಸಿದೆ, ಎಂಟು. ಎಂಟನೆಯವನು ಉಳಿದವರಿಗಿಂತ ಹಿಂದೆ, ಸ್ವಲ್ಪ ಕೆಳಗೆ ಇದ್ದ. ಬೇರೆಯವರದು ಕೆಂಪು, ಹಳದಿ, ನೀಲಿ ಉಡುಪು. ಅವನದು ಮಾತ್ರ ನೆನೆದ ಗೋಣಿಚೀಲದ ಬಣ್ಣ. ಅವರು ಹಾದುಹೋಗುವಾಗ ಬಟ್ಟೆ ಹರಿದಂಥ ಸದ್ದಾಗುತ್ತದೆ. ಅವನು ನನ್ನ ನೆತ್ತಿಯ ಮೇಲೇ ಹಾದುಹೋದರೂ ಸದ್ದು ಬರಲಿಲ್ಲ. ಏಳು ಪ್ಯಾರಾಚೂಟ್ ಬಿಚ್ಚಿಕೊಂಡವು. ಅವನು ಬಿಚ್ಚದೆ ಎಡಗಡೆಯ ಮರಗಳ ಹಿಂದೆ ಇಳಿದುಹೋದ.

ನಾನು ಕೂಗಿಕೊಂಡೆ. ಎಲ್ಲ ನಿಲ್ಲಿಸಿದರು. ಹೆಲಿಕಾಪ್ಟರ್ ಆ ಮರಗಳ ಮೇಲೆ ಸುತ್ತಿತು, ಹತ್ತಿಪ್ಪತ್ತು ಜನ ನಾನು ತೋರಿಸಿದ ಜಾಗಕ್ಕೆ ಓಡಿದರು. ಅದು ಹುಲ್ಲು ಬೆಳೆದ ಜೌಗು. ಅಲ್ಲಿ ಯಾರೂ ಇರಲಿಲ್ಲ. ಪಟ್ಟಿಯಲ್ಲಿದ್ದದ್ದೂ ಏಳು, ಅವರವರ ಹೆಲ್ಮೆಟ್ಟಿನ ಕ್ಯಾಮೆರಾದಲ್ಲಿ ಕಂಡದ್ದೂ ಏಳು. ಎರಡು ಗಂಟೆ ಹಾಳಾಯಿತು. ಯಾರೂ ಏನೂ ಅನ್ನಲಿಲ್ಲ, ಕಾಫಿ ತಂದುಕೊಟ್ಟರು. ಅವರು ಬೈದಿದ್ದರೇ ಚೆನ್ನಾಗಿತ್ತು.

ಬೈದವನು ಮಾದೇಶ. "ಹೆಲಿಕಾಪ್ಟರ್ ಅತ್ತಿದ್ದು ಏಳು ಜನ ಕಣಕ್ಕ. ಎಂಟ್ನೆಯವ ಎಲ್ಲಿಂದ ಬಂದ, ನೀನೇ ಯೋಳು."

"ಕಣ್ಣಾರೆ ಕಂಡಿವ್ನಿ ಕಣ್ಲಾ."

"ಅದ್ದೋ ಗಿಡುಗನೋ ಕಂಡಿರ್ತೀಯ, ಬುಡು. ನಾಳಿಕೆ ಆರ್ಕೊಂಡ್ ಬರೋರ್ನ ಎಣಿಸ್ಬ್ಯಾಡ, ಬಿಚ್ಚಿದ ಪ್ಯಾರಾಚೂಟ್ ಮಾತ್ರ ಎಣ್ಸು. ಲಾಭ ಗೀಭ ಅನ್ಬ್ಯಾಡ, ಒಂದು ಎರಡು ಅಂತ ನೆಟ್ಟಗೆ ಎಣ್ಸು. ಇವ್ರ ಮುಂದೆ ನನ್ ಮರ್ವಾದೆ ಉಳ್ಸು."

ಹೀಗೆಂದು ಆಮೇಲೆ ನಕ್ಕು, ಕೋಡುಬಳೆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಖಾಲಿ ಮಾಡಿದ. ನನಗೆ ಅವಮಾನವಾಗಿತ್ತು. ಮಕ್ಕಳ ಲೆಕ್ಕ ತಿದ್ದುವವಳು ಏಳನ್ನು ಎಂಟು ಮಾಡಿದ್ದೆ. ಆ ಊರಲ್ಲಿ ಬೇಸಿಗೆಗೆ ಕತ್ತಲೇ ಆಗುವುದಿಲ್ಲ. ನಿದ್ದೆಗೆಟ್ಟ ಕಣ್ಣಿಗೆ ಏನೋ ಕಂಡಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಅದೇ ತಂಡ ಹಾರಿತು. ಮಾದೇಶ ಹಳದಿ ಉಡುಪಿನಲ್ಲಿದ್ದ. ಹೋಗುವಾಗ ನನ್ನ ಬೆನ್ನು ತಟ್ಟಿ, "ಓಯ್ತೀನಿ, ಸರ್ಯಾಗ್ ನೋಡವ್ವ" ಎಂದ. ನಾನು ಪ್ಯಾರಾಚೂಟ್‌ಗಳನ್ನು ಮಾತ್ರ ಎಣಿಸಿದೆ. ಆರು ಬಂತು.

ಆಗ ನನಗೆ ಬಂದ ಯೋಚನೆ ಇದು. ತಮ್ಮ ಹೇಳಿದಂತೆ ಒಂದರಿಂದ ಶುರು ಮಾಡಿದ್ದೆನೋ, ಅಥವಾ ರೂಢಿಯಂತೆ ಮೊದಲನೆಯದಕ್ಕೆ ಲಾಭ ಎಂದು, ಎರಡನೆಯದಕ್ಕೆ ಒಂದು ಎಂದೆನೋ? ಹಾಗೆಂದಿದ್ದರೆ ನನ್ನ ಆರು ನಿಜವಾಗಿ ಏಳು. ಮತ್ತೆ ಎಣಿಸೋಣವೆಂದರೆ ನಾಲ್ಕು ಪ್ಯಾರಾಚೂಟ್ ಆಗಲೇ ಮರಗಳ ಆಚೆ ಇಳಿದಿದ್ದವು. ವಾಕಿಟಾಕಿಯಲ್ಲಿ ಎಷ್ಟು ಎಂದು ಕೇಳಿದರು. ಇನ್ನೊಮ್ಮೆ ಕೇಳಿದರು. ಹಿಂದಿನ ದಿನದ ಆ ಕಾಫಿ, ಆ ಮೌನ ನೆನಪಾಯಿತು.

ನಾನು 'ಏಳು' ಎಂದೆ.

ಆಚೆ ದಡದವರು ಮಾದೇಶ ಈಚೆ ಇಳಿದಿದ್ದಾನೆಂದುಕೊಂಡರು. ಈಚೆಯ ನಾವು ಅವನು ಆಚೆ ಇದ್ದಾನೆಂದುಕೊಂಡೆವು. ಅವನಿಲ್ಲವೆಂದು ಗೊತ್ತಾಗುವ ಹೊತ್ತಿಗೆ ಅರ್ಧ ಗಂಟೆಯ ಹತ್ತಿರ ಆಗಿತ್ತು. ಸಿಕ್ಕಿದ್ದು ಎಡಗಡೆಯ ಮರಗಳ ಹಿಂದಿನ ಜೌಗಿನಲ್ಲಿ. ಹಿಂದಿನ ದಿನ ಹುಡುಕಿದವರು ತುಳಿದ ಹುಲ್ಲು ಇನ್ನೂ ಎದ್ದಿರಲಿಲ್ಲ, ಅದರ ಮೇಲೇ ಬಿದ್ದಿದ್ದ. ಹಗ್ಗ ತೋಳಿಗೆ ಸುತ್ತಿಕೊಂಡು ಪ್ಯಾರಾಚೂಟ್ ಅರ್ಧವಷ್ಟೇ ಹೊರಗೆ ಬಂದಿತ್ತು. ಹಳದಿ ಉಡುಪು ಕೆಸರು ಕುಡಿದು ನೆನೆದ ಗೋಣಿಯ ಬಣ್ಣಕ್ಕೆ ತಿರುಗಿತ್ತು. ನಾನು ನೋಡಿದೆ, ಹತ್ತಿರ ಹೋಗಿಯೇ ನೋಡಿದೆ.

ಬಿದ್ದ ಮೇಲೆ ಸ್ವಲ್ಪ ಹೊತ್ತು ಜೀವ ಇತ್ತೇ ಎಂದು ಡಾಕ್ಟರನ್ನು ಕೇಳಿದೆ. ಇತ್ತು ಎಂದರು. ಬೇಗ ಸಿಕ್ಕಿದ್ದರೆ ಉಳಿಯುತ್ತಿದ್ದನೇ ಎಂದೂ ಕೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡರು.

ಊರಿಗೆ ತಂದು ಹೊಲದಲ್ಲಿ ಮಣ್ಣು ಮಾಡಿದೆವು. ಮೂರು ತಿಂಗಳಿಗೆ ಗೌರಿಗೆ ಹೆಣ್ಣುಮಗು ಹುಟ್ಟಿತು. ಎಂಟನೆಯವನ ವಿಷಯವನ್ನು ನಾನು ಅವಳಿಗೆ ಹೇಳಿದ್ದೇನೆ. "ದ್ಯಾವ್ರು ಒಂದಿನ ಮುಂಚೇನೇ ತೋರಿಸ್ದ, ನಮ್ಗೆ ತಿಳೀನಿಲ್ಲ ಕಣಕ್ಕ" ಎನ್ನುತ್ತಾಳೆ ಅವಳು. ಅದನ್ನು ಹೇಳಿಕೊಂಡೇ ಅವಳು ಎದ್ದು ಓಡಾಡುತ್ತಿದ್ದಾಳೆ. ನನಗೆ ಹಾಗನ್ನಿಸುವುದಿಲ್ಲ. ಮೊದಲ ದಿನ ಏನೂ ಕಾಣದೆ ಹೋಗಿದ್ದರೆ, ಎರಡನೆಯ ದಿನ ಆರು ಎಂದು ಕಿರುಚಿಬಿಡುತ್ತಿದ್ದೆ. ಅವನನ್ನು ಉಳಿಸಲು ಬಂದದ್ದಾದರೆ ಅದು ನನ್ನ ಬಾಯಿ ಯಾಕೆ ಕಟ್ಟಿಸಿತು? ಬಾಯಿ ಕಟ್ಟಿಸಲೆಂದೇ ಬಂದದ್ದಾದರೆ ಅದು ಎಂಥದ್ದು? ಕಣ್ಣಿನ ಭ್ರಮೆ ಎನ್ನೋಣವೆಂದರೆ, ಆ ಜಾಗ, ಆ ಬಣ್ಣ ಹೇಗೆ ಹೊಂದಿತು? ನಾಲ್ಕು ವರ್ಷದಿಂದ ಯೋಚಿಸುತ್ತಿದ್ದೇನೆ, ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ.

ವಾಕಿಟಾಕಿಯಲ್ಲಿ ನಾನು ಏಳು ಎಂದದ್ದನ್ನು ಗೌರಿಗೆ ಹೇಳಿಲ್ಲ. ಉತ್ಸವದವರು ವರದಿಯಲ್ಲಿ ಗಾಳಿ ಹೆಚ್ಚಿತ್ತು, ಎಣಿಕೆಯಲ್ಲಿ ಗೊಂದಲವಾಯಿತು ಎಂದು ಬರೆದು ಮುಗಿಸಿದರು, ನನ್ನ ಹೆಸರು ಹಾಕಲಿಲ್ಲ. ಇದು ಅಚ್ಚಾದರೆ ಅವಳು ಓದುತ್ತಾಳೆ. ಎಂಟನೆಯವನು ಯಾರು ಎಂದು ಕೇಳಿದರೆ ಈಗಲೂ ಗೊತ್ತಿಲ್ಲ ಎನ್ನಬೇಕು. ಏಳು ಎಂದವರು ಯಾರು ಎಂದು ಕೇಳಿದರೆ, ನಾನು.