ಹಮೀದನಿಗೆ ಬರೆಯದ ನಾಟಕ

ಗುಜರಿಯವನಿಗೆ ಕೊಡೋಣವೆಂದು ಮೊನ್ನೆ ಅಟ್ಟದಿಂದ ಹಳೆಯ ಕಂಪ್ಯೂಟರನ್ನು ಇಳಿಸಿದೆ. ಧೂಳು ಒರೆಸಿ ನೋಡಿದರೆ ಕೀಲಿಮಣೆಯ ಅಕ್ಷರಗಳೆಲ್ಲ ಅಂಗಡಿಯಿಂದ ತಂದ ದಿನದಂತೆಯೇ ಹೊಳೆಯುತ್ತಿವೆ. ಬಾಣದ ಗುರುತಿನ ನಾಲ್ಕು ಕೀಲಿಗಳು ಮಾತ್ರ ಸವೆದು ಬೋಳಾಗಿವೆ. ಅದರಲ್ಲಿ ನಾನು ಸಾಹಿತ್ಯ ರಚಿಸಿದೆನೋ, ಬೀಳುವ ಇಟ್ಟಿಗೆ ಜೋಡಿಸುವ ಆಟ ಆಡಿದೆನೋ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದು ಬರುವ ಮೊದಲು ನಾನು ವರ್ಷಕ್ಕೊಂದು ನಾಟಕ ಬರೆಯುತ್ತಿದ್ದೆ ಎಂದರೆ ನೀವು ನಂಬಬೇಕು. ಆಗ ನಾನು ಮಡಂತ್ಯಾರಿನ ಹತ್ತಿರ ಶಾಲಾ ಮೇಷ್ಟ್ರು. ಊರಿನ ಯುವಕ ಸಂಘದ ವಾರ್ಷಿಕೋತ್ಸವದ ಹಾಸ್ಯ ನಾಟಕ ನನ್ನ ಪಾಲಿನ ಕೆಲಸ. ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಲ್ಲಿ, ಬಸ್ಸು ಕಾಯುವ ಹೊತ್ತಿನಲ್ಲೇ ಅರ್ಧ ಮುಗಿಯುತ್ತಿತ್ತು. ಬರೆಯುತ್ತಿದ್ದದ್ದೆಲ್ಲ ಹಮೀದನಿಗಾಗಿ. ಪೇಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿದ್ದ ಅವನು ವೇದಿಕೆಗೆ ಬಂದು ಸುಮ್ಮನೆ ನಿಂತರೂ ಜನ ನಗುತ್ತಿದ್ದರು. ಹೊಗಳಿಕೆಯನ್ನು ಮಾತ್ರ ನಾನೊಬ್ಬನೇ ಮನೆಗೆ ಹೊತ್ತು ತರುತ್ತಿದ್ದೆ.

ನಾನು ಕಂಪ್ಯೂಟರ್ ಕೊಂಡ ವರ್ಷವೇ ಅವನಿಗೆ ದುಬೈ ವೀಸಾ ಬಂತು.

"ಮಾಷ್ಟ್ರೇ, ಇದು ನನ್ನ ಕಡೇ ನಾಟಕ. ಒಳ್ಳೇದೊಂದು ಪಾತ್ರ ಬರೀರಿ."

"ಕಂಪ್ಯೂಟರ್ ಉಂಟಲ್ಲ, ಹದಿನೈದು ದಿನದಲ್ಲಿ ಕೊಡ್ತೇನೆ," ಎಂದೆ.

ಮೊದಲ ವಾರ ನಾಟಕದ ಹೆಸರಿಗೆ ಅಕ್ಷರಶೈಲಿ ಹುಡುಕಿದೆ. ಎರಡನೇ ವಾರ ಪುಟದ ಸುತ್ತ ಗುಲಾಬಿ ಹೂವಿನ ಅಂಚು ಹಾಕಿದೆ. ಆಮೇಲೆ ಸ್ಫೂರ್ತಿ ಬರುವವರೆಗೆ ಇರಲಿ ಎಂದು ಇಟ್ಟಿಗೆಯಾಟಕ್ಕೆ ಕುಳಿತೆ. ಸ್ಫೂರ್ತಿ ಬಾಗಿಲವರೆಗೆ ಬಂದು, ನನ್ನ ಬೆನ್ನು ನೋಡಿ ಹಿಂದೆ ಹೋಗಿರಬೇಕು.

ವಾರ್ಷಿಕೋತ್ಸವಕ್ಕೆ ಮೂರು ದಿನವಿರುವಾಗ ಹಮೀದ ಮನೆಗೆ ಬಂದ. ಮುದ್ರಿಸಿಟ್ಟಿದ್ದ ಹೆಸರಿನ ಪುಟವನ್ನು ಕೊಟ್ಟೆ.

"ಚಂದ ಉಂಟು. ಒಳಗಿನದ್ದು?"

ಒಳಗೆ ಏನೂ ಇರಲಿಲ್ಲ. ಹೇಳಿದೆ. ಅವನು ಬೈಯಲಿಲ್ಲ. ಪುಟವನ್ನು ಮಡಚಿ ಜೇಬಿಗಿಟ್ಟು, "ಆಯ್ತು ಬಿಡಿ, ನಾನು ನೋಡಿಕೊಳ್ತೇನೆ," ಎಂದು ಹೊರಟುಹೋದ. ಬೈದಿದ್ದರೆ ವಾಸಿಯಿತ್ತು.

ಆ ದಿನ ಪರದೆ ಸರಿದಾಗ ವೇದಿಕೆಯಲ್ಲಿ ಹಮೀದನೊಬ್ಬನೇ. ಮೇಜಿನ ಮೇಲೊಂದು ಬಿಸ್ಕತ್ತಿನ ಡಬ್ಬ; ಕಂಪ್ಯೂಟರೆಂದರೆ ಅದೇ. ಒಂದಕ್ಷರ ಒತ್ತುತ್ತಾನೆ, ಕನ್ನಡಕ ಒರೆಸುತ್ತಾನೆ, ಒಳಗೆ ಕೂಗುತ್ತಾನೆ: "ಇವಳೇ, ಈ 'ಕ' ಸ್ವಲ್ಪ ದಪ್ಪ ಆಯ್ತಾ ನೋಡು." ಅಂಗಳವಿಡೀ ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ನನ್ನ ಹೆಂಡತಿ. ಈ ವಿವರಗಳು ಅವನಿಗೆ ಎಲ್ಲಿಂದ ಸಿಕ್ಕಿದವೆಂದು ಆಗ ತಿಳಿಯಿತು. ಅರ್ಧ ಗಂಟೆಯ ಕೊನೆಗೆ ಅವನು ನನ್ನ ಗುಲಾಬಿ ಪುಟವನ್ನು ಬಿಡಿಸಿ ಜನರಿಗೆ ತೋರಿಸಿದ.

"ಹೆಸರು ಭಾರೀ ಚಂದ ಆಯ್ತು. ಇನ್ನು ಇದಕ್ಕೊಂದು ನಾಟಕ ಯಾರಾದರೂ ಬರೀರಿ."

ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗು ನಿಂತ ಮೇಲೂ ಆ ನೀರು ನಿಲ್ಲಲಿಲ್ಲ.

ಪರದೆಯ ಹಿಂದೆ ಹೋಗಿ, "ತಪ್ಪಾಯ್ತು ಹಮೀದ," ಎಂದೆ.

"ಎಂಥ ತಪ್ಪು ಮಾಷ್ಟ್ರೇ? ಪಾತ್ರ ನೀವೇ ಕೊಟ್ಟದ್ದಲ್ವಾ?"

ಆ ವಾರವೇ ಅವನು ದುಬೈಗೆ ಹೋದ. ನಾನು ಮತ್ತೆ ನಾಟಕ ಬರೆಯಲಿಲ್ಲ. ಹಮೀದನಿಲ್ಲದೆ ಯಾರಿಗೆ ಬರೆಯಲಿ ಎಂದು ಊರಿಗೆ ಹೇಳಿಕೊಂಡು ತಿರುಗಿದೆ. ನಿಜ ಸಂಗತಿ ಇಟ್ಟಿಗೆಗಳಿಗೆ ಗೊತ್ತಿತ್ತು.

ಗುಜರಿಯವನು ಹೋದ ಮೇಲೆ ಹಮೀದನಿಗೆ ಫೋನು ಮಾಡಿದೆ. ಗಲ್ಫ್ ಬಿಟ್ಟು ಅವನು ಊರಿಗೆ ಬಂದು ವರ್ಷವಾಗಿತ್ತು. ಸುದ್ದಿ ಕೇಳಿಯೂ ನಾನು ಅತ್ತ ತಲೆ ಹಾಕಿರಲಿಲ್ಲ.

"ಒಂದು ನಾಟಕ ಬರೆಯುವ ಅಂತ ಉಂಟು," ಎಂದೆ ಅಳುಕುತ್ತ.

ಅವನು ಆ ಕಡೆಯಿಂದ ಒಮ್ಮೆ ಕೆಮ್ಮಿದ. ಆಮೇಲೆ, "ಹಾಗಾದರೆ ಮುದುಕನ ಪಾತ್ರ ಬರೀರಿ ಮಾಷ್ಟ್ರೇ. ಗಡ್ಡ ಸ್ವಂತದ್ದೇ ಉಂಟು," ಎಂದ.

ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟು ಬರೆಯಲು ಕುಳಿತೆ. ಅವಳು ಊಟಕ್ಕೆ ಕರೆಯುವಷ್ಟರಲ್ಲಿ ಕಾಗದದ ಮೇಲೆ ಮುದುಕ ಕೆಮ್ಮುತ್ತ ಅಂಗಳಕ್ಕೆ ಬಂದಾಗಿತ್ತು.